ನಿಂತ ಮುಟ್ಟು ಮತ್ತೆ ಬಂದಾಗ: ಅಕ್ಕನೊಂದಿಗೆ ಕಾರವಾರಕ್ಕೆ

ಕಾರ್ತಿಕ ಮಾಸದ ಒಂದು ಮಂಗಳವಾರ ಬೆಳಿಗ್ಗೆ ಬೇಗ ಎದ್ದು, ಮನೆಯವರಿಗೆ ಎರಡು ದಿನಕ್ಕಾಗುವಷ್ಟು ಸಾರು ಕುದಿಸಿಟ್ಟು, ದೇವರಿಗೆ ದೀಪ ಹಚ್ಚಿ, ಬಾಳೆಗುಳಿ ಕ್ರಾಸಿಗೆ ನಡೆದು ಬಂದೆ. ಒಂದೇ ದಿನದ ಕೆಲಸವೆಂದು ಹೇಳಿ ಹೊರಟಿದ್ದರೂ, ಆಸ್ಪತ್ರೆಯ ಕೆಲಸ ಒಂದು ದಿನಕ್ಕೆ ಮುಗಿಯುವುದು ಅಪರೂಪವೆಂದು ಐವತ್ತು ವರ್ಷದಲ್ಲಿ ನನಗೆ ಗೊತ್ತಾಗಿದೆ. ಹುಬ್ಬಳ್ಳಿ ಕಡೆಯಿಂದ ಘಟ್ಟ ಇಳಿದು ಬಂದ ಲಾರಿಗಳು ಸಾಲಾಗಿ ನಿಂತಿದ್ದವು. ಮಂಜು ಇನ್ನೂ ಬಿಟ್ಟಿರಲಿಲ್ಲ. ಟೆಂಪೋದಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಅಂಕೋಲಾ ಪೇಟೆ ಅಲ್ಲಿಂದ ದೂರವೇನಿಲ್ಲ, ಆದರೂ ಕೂತು ಹೋಗುವುದೇ ಒಂದು ಭಾಗ್ಯ.

ಬಸ್ ನಿಲ್ದಾಣದಲ್ಲಿ ಅಕ್ಕ ನನಗಿಂತ ಮೊದಲೇ ಬಂದು ನಿಂತಿದ್ದಳು. ನನ್ನ ಒಡಹುಟ್ಟಿದ ಅಕ್ಕ ಹೊನ್ನಮ್ಮ, ಬೊಬ್ರುವಾಡದಲ್ಲಿ ಕೊಟ್ಟದ್ದು. ಭಾವ ಗದ್ದೆ ಮಾಡುತ್ತಾರೆ, ಗದ್ದೆ ಖಾಲಿಯಿದ್ದಾಗ ತರಕಾರಿ ಬೆಳೆದು ಪೇಟೆಗೆ ತರುತ್ತಾರೆ. ಅಂದು ಅಕ್ಕನನ್ನು ಬೈಕಿನಲ್ಲಿ ತಂದು ಬಿಟ್ಟು, ಬದನೆಕಾಯಿ ಕೊಯ್ಯುವುದಿದೆಯೆಂದು ತಿರುಗಿ ಹೋಗಿದ್ದರು. ಅಕ್ಕ ಒಳ್ಳೆಯ ಸೀರೆ ಉಟ್ಟು, ಅಬ್ಬಲಿಗೆ ದಂಡೆ ಮುಡಿದು, ಮದುವೆಗೆ ಹೊರಟವಳಂತೆ ಕಾಣುತ್ತಿದ್ದಳು. ಮುಖ ಮಾತ್ರ ಬಿಳುಚಿತ್ತು.

ಯಾಕೆ ಹೊರಟೆವೆಂದು ಮೊದಲೇ ಹೇಳಬೇಕು. ಅಕ್ಕನ ಕೇರಿಯಲ್ಲಿ ಒಂದು ಚಿಕ್ಕ ದೇವಿಗುಡಿಯಿದೆ. ಸಂಜೆ ಅಲ್ಲಿ ದೀಪ ಹಚ್ಚುವ, ಹೂ ಕಟ್ಟಿ ಕೊಡುವ ಕೆಲಸವನ್ನು ಮುಟ್ಟು ನಿಂತ ಹೆಂಗಸಿಗೇ ಒಪ್ಪಿಸುವುದು ರೂಢಿ. ತಿಂಗಳ ನಡುವೆ ಸೇವೆ ತಪ್ಪಬಾರದಲ್ಲ. ಅಕ್ಕನಿಗೆ ನಲವತ್ತೆಂಟಕ್ಕೆ ನಿಂತಿತು. ಅಲ್ಲಿಂದ ಆರು ವರ್ಷ ಆ ದೀಪ ಅವಳದ್ದೇ. ಕೇರಿಯಲ್ಲಿ ಅವಳಿಗೆ ಅದರಿಂದ ಒಂದು ಮರ್ಯಾದೆ, ಅವಳಿಗೆ ಅದರಲ್ಲಿ ಒಂದು ಸಂತೋಷ. ಆದರೆ ಈ ಮಳೆಗಾಲದ ನಡುವಿನಿಂದ ಮೂರ್ನಾಲ್ಕು ಸಲ ಅವಳು ಪಕ್ಕದ ಮನೆಯವರಿಗೆ "ನೀವೇ ಹಚ್ಚಿ" ಎಂದು ಹೇಳಿ ಕಳಿಸಿದ್ದಳು. ನವರಾತ್ರಿಗೆ ನಾನು ಹೋದಾಗ ನೋಡುತ್ತೇನೆ, ಹಿತ್ತಲ ಜಗಲಿಯಲ್ಲಿ ಬೇರೆ ತಟ್ಟೆ, ಬೇರೆ ಚಾಪೆ ಇಟ್ಟುಕೊಂಡು ಕೂತಿದ್ದಾಳೆ. ಒಳಗೆ ಭಾವ ತಾವೇ ಗಂಜಿ ಬೇಯಿಸುತ್ತಿದ್ದರು.

"ಎಂತದೇ ಅಕ್ಕ, ಇಲ್ಲ್ಯಾಕೆ ಕೂತೆ?" ಎಂದೆ.

"ಮತ್ತೆ ಸುರು ಆಗ್ಯದೆ ಮಾರಾಯ್ತಿ. ದೇವಿ ತಾಯಿ ಪ್ರಾಯ ಹಿಂದೆ ಕೊಟ್ಟಿದಾಳೆ. ನೀನೂ ಬೇಡ್ಕೊ, ನಿಂಗೂ ಕೊಡ್ತಾಳೆ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮ ಮಹಿಳಾ ಸಂಘದ ಸಭೆಗೆ ಒಮ್ಮೆ ಬಂದಿದ್ದ ನರ್ಸ್ ಹೇಳಿದ್ದು ನೆನಪಿತ್ತು: ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು, ಅದು ಕ್ಯಾನ್ಸರಿನ ಮೊದಲ ಸುಳಿವು ಆಗಿರಬಹುದು. ಅಕ್ಕ ಅಷ್ಟರಲ್ಲಿ ಒಂದು ಶಿಬಿರಕ್ಕೆ ಹೋಗಿ ಬಂದಿದ್ದಳಂತೆ. ತಿಂಗಳು ತಿಂಗಳು ಬರುತ್ತದೆಯೇ ಎಂದು ಅಲ್ಲಿ ಕೇಳಿದ್ದಕ್ಕೆ "ಹೂಂ, ಬತ್ತದೆ" ಎಂದಳಂತೆ. ರಕ್ತ ಕಡಿಮೆಯಿದೆಯೆಂದು ಕಬ್ಬಿಣದ ಮಾತ್ರೆ ಕೊಟ್ಟರು. ಅವಳು ಸುಳ್ಳು ಹೇಳಲಿಲ್ಲ. ರಕ್ತ ಕಂಡಾಗಲೆಲ್ಲ ಮೂರು ದಿನ ಹೊರಗೆ ಕೂತು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದವಳಿಗೆ ಅದು ಮುಟ್ಟೇ ಅಲ್ಲದೆ ಮತ್ತೇನು?

ಕಾರವಾರಕ್ಕೆ ಕರೆದೊಯ್ಯಲು ನಾನು ವಾರಗಟ್ಟಲೆ ಅವಳ ಬೆನ್ನು ಹತ್ತಬೇಕಾಯಿತು. ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದಳು. "ರಕ್ತ ಕಡಿಮೆ ಆಗ್ಯದೆ ಅಂತ ಮಾತ್ರ ಹೇಳೂದು. ಬೇರೆ ಎಂತದಕ್ಕೂ ನೀ ಬಾಯಿ ಬಿಡೂಕಿಲ್ಲ." ನಾನು ಹೂಂ ಎಂದೆ. ಭಾವನಿಗೂ ಅಷ್ಟೇ ಹೇಳಿದ್ದಳು.

ಕಾರವಾರ ಅಂಕೋಲೆಯಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. ಈಗ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆಯ ಚೀಟಿ ಹರಿದು ಕೊಡುತ್ತಾರೆ. ಕಂಡಕ್ಟರ್ ಅಕ್ಕನ ಕಾರ್ಡು ನೋಡಿ ವಾಪಸು ಕೊಟ್ಟಾಗ ಅವಳು ಅದನ್ನು ಸೆರಗಿನಿಂದ ಒರೆಸಿ ಜೋಪಾನವಾಗಿ ಇಟ್ಟುಕೊಂಡಳು. ಕಾರ್ಡಿನಲ್ಲಿ ಅವಳ ವಯಸ್ಸು ಐದು ವರ್ಷ ಕಡಿಮೆ ಬರೆದುಹೋಗಿದೆ. ತಿದ್ದಿಸಿಕೊ ಎಂದರೆ, "ಇರ್ಲಿ ಬಿಡೇ, ಸರಕಾರ ಕೊಟ್ಟ ಪ್ರಾಯ ಯಾಕೆ ಹಿಂದೆ ಕೊಡೂದು?" ಎನ್ನುತ್ತಾಳೆ.

ಅವರ್ಸಾ ದಾಟಿ, ಹಟ್ಟಿಕೇರಿಯ ಟೋಲಿನಲ್ಲಿ ಸ್ವಲ್ಪ ನಿಂತು, ಹಾರವಾಡದ ಹತ್ತಿರ ಕಡಲ ಗಾಳಿ ಕಿಟಕಿಯಿಂದ ಒಳಗೆ ಬಂತು. ಅಮದಳ್ಳಿ, ತೋಡೂರು ಕಳೆದ ಮೇಲೆ ನೌಕಾನೆಲೆಯ ಉದ್ದನೆಯ ಗೋಡೆ ಶುರುವಾಗುತ್ತದೆ. ಆ ಗೋಡೆಯಾಚೆ ಮೊದಲು ಊರುಗಳಿದ್ದವು. ನಮ್ಮ ಸೋದರಮಾವನ ಮಗಳು ಸುಮಿತ್ರಾಳನ್ನು ಕೊಟ್ಟ ಮನೆಯೂ ಅಲ್ಲೇ ಇತ್ತು. ನೆಲೆಗೆಂದು ಜಾಗ ಹೋಗಿ, ಈಗ ಅವರು ತೋಡೂರಿನ ನಿರಾಶ್ರಿತರ ಕಾಲನಿಯಲ್ಲಿದ್ದಾರೆ. ಬಿಣಗಾದ ಮುಂದೆ ಬಸ್ಸು ಸುರಂಗ ಹೊಕ್ಕಾಗ ಅಕ್ಕ ಕಣ್ಣು ಮುಚ್ಚಿ ಕೈ ಮುಗಿದಳು. ಹೊರಗೆ ಬಂದರೆ ಎದುರಿಗೇ ಸಮುದ್ರ. "ಎಷ್ಟ್ ಚಂದ ಅಲ್ಲನೇ" ಎಂದಳು. ಆ ಬೆಳಿಗ್ಗೆ ಅವಳು ಮನಸ್ಸಿಟ್ಟು ಆಡಿದ ಮೊದಲ ಮಾತು ಅದು.

ನಿಲ್ದಾಣದ ಹತ್ತಿರ ಬನ್ಸು ಮತ್ತು ತೆಳ್ಳನೆಯ ಪಾತಳ ಭಾಜಿ ತಿಂದೆವು. ಅಕ್ಕ ಚಹಾದ ಜೊತೆಗೆ ಕಬ್ಬಿಣದ ಮಾತ್ರೆ ನುಂಗಿದಳು. ಅಲ್ಲಿಂದ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸಿ, ಹೆಂಗಸರ ವಿಭಾಗದ ಬೆಂಚಿನಲ್ಲಿ ಕೂತೆವು. ಸಾಲು ಉದ್ದವಿತ್ತು. ಆದರೆ ಫ್ಯಾನಿನ ಕೆಳಗೇ ಜಾಗ ಸಿಕ್ಕಿತು, ಕುಡಿಯುವ ನೀರು ಹತ್ತಿರವಿತ್ತು. ಅಕ್ಕ ಸೆರಗಿನ ಮರೆಯಲ್ಲಿ ಜಪ ಮಾಡುತ್ತಿದ್ದಳು. ಅವಳ ಬೆರಳು ಒಂದೊಂದು ಸಲ ಅಲ್ಲೇ ನಿಂತುಬಿಡುತ್ತಿತ್ತು.

ಡಾಕ್ಟರಮ್ಮ ಚಿಕ್ಕ ಪ್ರಾಯದವರು, ಘಟ್ಟದ ಮೇಲಿನ ಮಾತು. ಅಕ್ಕನ ಕಣ್ಣರೆಪ್ಪೆ ಎಳೆದು ನೋಡಿದರು, ಬಿಪಿ ನೋಡಿದರು, ಸ್ವಲ್ಪ ಹೆಚ್ಚಿದೆ ಎಂದರು. ಆಮೇಲೆ ಕೇಳಿದರು, "ಮುಟ್ಟು ನಿಂತಿದೆಯಾ ಅಮ್ಮ?"

"ಇಲ್ಲ ಡಾಕ್ಟ್ರೇ, ಬತ್ತದೆ. ಸ್ವಲ್ಪ ಹಿಂದೆಮುಂದೆ."

ಡಾಕ್ಟರು ಚೀಟಿಯಲ್ಲಿದ್ದ ವಯಸ್ಸು ನೋಡಿದರು. "ನಲವತ್ತೊಂಬತ್ತು. ಈ ವಯಸ್ಸಿಗೆ ಹಿಂದೆಮುಂದೆ ಆಗ್ತದೆ" ಎಂದು ಬರೆಯಲು ಶುರು ಮಾಡಿದರು. ಅಕ್ಕ ನನ್ನ ಕಡೆ ನೋಡಿ, ಮುಗಿಯಿತಲ್ಲ ಎನ್ನುವಂತೆ ಚೀಲ ಕೈಗೆ ತೆಗೆದುಕೊಂಡಳು. ಹಿಂದಿನವರು ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. ಈಗ ಎದ್ದರೆ ಇನ್ನೊಂದು ಡಬ್ಬಿ ಮಾತ್ರೆಯೊಂದಿಗೆ ಮನೆಗೆ ಹೋಗುವುದು, ಮತ್ತೆ ಹಿತ್ತಲ ಜಗಲಿಯಲ್ಲಿ ಕೂರುವುದು. ಎಷ್ಟು ತಿಂಗಳು ಹಾಗೆ ಕೂರಬಹುದೆಂದು ಯಾರಿಗೆ ಗೊತ್ತು?

"ಡಾಕ್ಟ್ರೇ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಕಾರ್ಡಿನಲ್ಲಿ ತಪ್ಪಾಗಿದೆ. ಇವಳಿಗೆ ಐವತ್ನಾಲ್ಕು. ಆರು ವರ್ಷ ಪೂರಾ ನಿಂತಿತ್ತು. ಈಗ ಮಳೆಗಾಲದಿಂದ ಮತ್ತೆ ಕಾಣ್ತಾ ಅದೆ."

ಅಕ್ಕ ಮೇಜಿನ ಕೆಳಗಿನಿಂದ ನನ್ನ ತೊಡೆ ಚಿವುಟಿದಳು. ಬಾಲ್ಯದ ನಂತರ ಅವಳು ನನ್ನನ್ನು ಚಿವುಟಿದ್ದು ಅಂದೇ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೌದಾ ಅಮ್ಮ? ಆರು ವರ್ಷದಲ್ಲಿ ಒಮ್ಮೆಯೂ ಇರಲಿಲ್ವಾ?"

ಅಕ್ಕ ಗೋಡೆಯ ಕಡೆ ನೋಡುತ್ತ, "ಇಲ್ಲ" ಎಂದಳು.

"ಹಾಗಿದ್ರೆ ಇದು ಮುಟ್ಟಲ್ಲ."

"ಮುಟ್ಟಲ್ದಾ? ಮತ್ತೆ ನಾ ಮೂರ್ ಮೂರ್ ದಿವ್ಸ ಹೊರಗೆ ಕೂತಿದ್ದು?"

ಪಕ್ಕದಲ್ಲಿ ನಿಂತಿದ್ದ ನರ್ಸ್ ನಮ್ಮ ಕಡೆಯವರು, ಮುಖ ಆ ಕಡೆ ತಿರುಗಿಸಿ, "ಅಷ್ಟಾದ್ರೂ ರೆಸ್ಟ್ ಸಿಕ್ತಲ್ಲ ಬಾಯೇ" ಎಂದರು. ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ.

ಪರದೆಯ ಹಿಂದೆ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಮುಟ್ಟು ನಿಂತ ಮೇಲೆ ರಕ್ತ ಕಾಣುವುದಕ್ಕೆ ಬಹಳ ಸಲ ಸಣ್ಣ ಕಾರಣಗಳೇ ಇರುತ್ತವೆ. ಒಳಗೆ ಒಣಗಿರಬಹುದು, ಚಿಕ್ಕ ಗಂಟಿರಬಹುದು. ಕೆಲವು ಸಲ ಕ್ಯಾನ್ಸರ್ ಇರುತ್ತದೆ. ಯಾವುದೆಂದು ಮೇಲಿನಿಂದ ನೋಡಿ ಹೇಳಲು ಬರುವುದಿಲ್ಲ. ನಾಳೆ ಬೆಳಿಗ್ಗೆ ಸ್ಕ್ಯಾನ್ ಮಾಡಿ, ಗರ್ಭಕೋಶದ ಒಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. "ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆ ಇದು. ತಡ ಮಾಡುವುದೇ ಕೆಟ್ಟದ್ದು" ಎಂದರು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಲಿಂಬೆ ನೀರಿನ ಜೊತೆ ತೆಗೆದುಕೊಳ್ಳಿ ಎಂದೂ ಹೇಳಿದರು. ಅಷ್ಟೂ ದಿನದ ಮಾತ್ರೆ ಹೊಳೆಗೆ ಹಾಕಿದಂತಾಯಿತಲ್ಲ ಎನ್ನಿಸಿತು.

ಎದ್ದು ಹೊರಡುವಾಗ ನರ್ಸ್ ನನ್ನನ್ನು ಹಿಡಿದು ನಿಲ್ಲಿಸಿದರು. "ಅಕ್ಕನ್ನ ಕರ್ಕೊಂಡ್ ಬಂದ್ರಿ, ಸರಿ. ನಿಮ್ದು ಯಾವತ್ತು ನೋಡ್ಸಿದ್ರಿ?" ಒಮ್ಮೆಯೂ ಇಲ್ಲ ಎಂದೆ. ಗರ್ಭಕೋಶದ ಬಾಯಿ ಪರೀಕ್ಷೆ, ಎದೆಯ ಪರೀಕ್ಷೆ, ಸಕ್ಕರೆ, ಬಿಪಿ, ಎಲ್ಲ ಅಲ್ಲೇ ಮಾಡಿದರು. ನಾಚಿಕೆಯಾದದ್ದು ನಿಜ. ಆದರೆ ಹಲ್ಲಿನ ಡಾಕ್ಟರಿಗೆ ಹಲ್ಲು ತೋರಿಸಿದಷ್ಟೂ ನೋವಾಗಲಿಲ್ಲ. ನನ್ನದೆಲ್ಲ ಸರಿಯಿದೆಯೆಂದು ಹೇಳಿದಾಗ ಒಳಗಿಂದ ದೇವರಿಗೆ ಕೈ ಮುಗಿದೆ. ಇನ್ನೊಂದು ಕಡೆ ಅಕ್ಕನ ಮುಖ ನೋಡಿ ಆ ಸಂತೋಷವನ್ನು ನುಂಗಿಕೊಂಡೆ.

ಹೊರಗೆ ಬಂದ ಮೇಲೆ ಅಕ್ಕ ಮಾತು ಬಿಟ್ಟಳು. ಕಾರ್ತಿಕವಾದ್ದರಿಂದ ಮೀನಿಲ್ಲದ ಊಟ ಬೇಕಿತ್ತು. ಕಾರವಾರದಲ್ಲಿ ಹಾದಿಯುದ್ದಕ್ಕೂ ಮೀನು ಹುರಿಯುವ ವಾಸನೆ, ನಾವು ಮೂಗು ಮುಚ್ಚಿಕೊಂಡು ಶಾಕಾಹಾರಿ ಊಟ ಹುಡುಕುತ್ತ ಬಿಸಿಲಲ್ಲಿ ತಿರುಗಿದೆವು. ಒಂದು ಖಾನಾವಳಿಯಲ್ಲಿ ಕೂತು ಅರ್ಧ ಅನ್ನ ಉಂಡ ಮೇಲೆ ಅವಳ ಬಾಯಿ ತೆರೆಯಿತು.

"ಹೂಂ ಅಂದಿದ್ದೆ ಅಲ್ಲನೇ ನೀನು?"

"ಅಂದಿದ್ದೆ."

"ಮತ್ತೆ?"

"ನೀನೇ ಹೇಳ್ತೆ ಅಂತ ಕಾದೆ. ನೀ ಹೇಳ್ಲಿಲ್ಲ."

"ದೊಡ್ಡ ವಕೀಲೆ ಬಂದ್ಲು" ಎಂದು ಮಜ್ಜಿಗೆ ಹಾಕಿಸಿಕೊಂಡಳು. ನಾಳೆ ಬರುವುದಿಲ್ಲವೆಂದು ಅವಳು ಹೇಳಲಿಲ್ಲ. ಆದರೆ ಸಂಜೆ ಮನೆಗೆ ಹೋಗಿ ಬೆಳಿಗ್ಗೆ ಮತ್ತೆ ಬರೋಣ ಎಂದಳು. ಅಲ್ಲಿ ನನಗೆ ಎಚ್ಚರವಾಯಿತು. ಬೊಬ್ರುವಾಡದ ಮನೆಯ ಹೊಸ್ತಿಲು ದಾಟಿದರೆ ಅಕ್ಕ ತಿರುಗಿ ಬರುವವಳಲ್ಲ. ಎಮ್ಮೆ ಇದೆ, ಗುಡಿ ಇದೆ, ತುಳಸಿ ಮದುವೆ ಹತ್ತಿರ ಬಂತು, ಕಾರಣಕ್ಕೇನು ಬರ? "ಸುಮಿತ್ರಾಗೆ ಆಗ್ಲೇ ಫೋನ್ ಮಾಡಿದೆ, ತೋಡೂರಿಗೆ ಬರೂಕೆ ಹೇಳಿದಾಳೆ" ಎಂದೆ. ಅವಳು ಕೈ ತೊಳೆಯಲು ಹೋದಾಗ ನಿಜವಾಗಿ ಫೋನ್ ಮಾಡಿದೆ, ನಾಳೆ ಬರುತ್ತೇವೆಂದು ಭಾವನಿಗೂ ತಿಳಿಸಿದೆ.

ತೋಡೂರು ಕಾರವಾರದಿಂದ ಹಿಂದಕ್ಕೆ ಹದಿನೈದು ಕಿಲೋಮೀಟರಿನ ಆಸುಪಾಸು. ಬಸ್ಸಿಳಿದು ಕಾಲನಿಯೊಳಗೆ ಹೋದರೆ ಒಂದೇ ಅಳತೆಯ ಸೈಟುಗಳು, ಒತ್ತೊತ್ತಾಗಿ ಮನೆಗಳು. ಸುಮಿತ್ರಾ ಗೇಟಿನಲ್ಲೇ ನಿಂತಿದ್ದಳು. ಮದುವೆಯಾದ ಮೇಲೆ ಕೊಂಕಣಿ ಮನೆಗಳ ನಡುವೆಯೇ ಬದುಕಿ ಅವಳ ಕನ್ನಡಕ್ಕೆ ಆ ರಾಗ ಬಂದಿದೆ. "ಯೇ ಗೋ ಹೊನ್ನಕ್ಕ! ಕಾರ್ತಿಕ ಅಂತ ಮೊದ್ಲೇ ಹೇಳೂದಲ್ವಾ? ಶೆಟ್ಲಿ ತಂದಿಟ್ಟಿದ್ದೆ. ಈಗ ನಾನೊಬ್ಳೇ ತಿಂಬೇಕು" ಎಂದಳು. ಶೆಟ್ಲಿಯೆಂದರೆ ಸಿಗಡಿ. ಗಂಡ ಕೆಲಸದ ಮೇಲೆ ಗೋವೆಗೆ ಹೋಗಿದ್ದರಿಂದ ಮನೆಯಲ್ಲಿ ಅವಳೊಬ್ಬಳೇ.

ಅಕ್ಕ ಮೆಟ್ಟಿಲ ಮೇಲೆಯೇ ನಿಂತಳು. "ಸುಮಿತ್ರಾ, ನಂಗೆ ಹೊರಗೇ ಒಂದು ಚಾಪೆ ಕೊಡೇ."

"ಯಾಕೆ, ನನ್ನ ಮನೆ ಒಳಗೆ ಹಾವದೆಯಾ?"

ಅಕ್ಕ ತಲೆ ತಗ್ಗಿಸಿದಳು. ಪರೀಕ್ಷೆಯಾದ ಮೇಲೆ ಸ್ವಲ್ಪ ರಕ್ತ ಕಂಡಿತ್ತು. ಅವಳು ಹೇಳಲಾರದ್ದನ್ನು ನಾನು ಎರಡು ಮಾತಿನಲ್ಲಿ ಹೇಳಿದೆ. ಸುಮಿತ್ರಾಳ ನಗು ನಿಂತಿತು. ಆಮೇಲೆ, "ಹೊರಗೆ ಅಂದ್ರೆ ಎಲ್ಲಿ, ಹೇಳು ನೋಡ್ವ" ಎಂದಳು. "ಮೊದ್ಲಿನ ಮನೇಲಿ ನಮ್ಗೂ ಹಿತ್ಲು ಇತ್ತು, ಜಗ್ಲಿ ಇತ್ತು, ಅತ್ತೆ ಕೂರ್ಸ್ತಿದ್ರು, ಕೂರ್ತಿದ್ದೆ. ಇಲ್ಲಿ ಹೊರಗೆ ಕೂತ್ರೆ ರಸ್ತೆ. ಪಕ್ಕದ ಮನೆ ಟಿವಿ ಕಾಣ್ತದೆ. ಇಲ್ಲಿಗೆ ಬಂದ ಮೇಲೆ ಅತ್ತೆನೇ ಹೇಳಿದ್ರು, ಒಳಗಿನ ಕೋಣೇಲಿ ಕೂತ್ಕೊ, ದೇವರ ಕೋಣೆ ಒಂದ್ ಬಿಡು ಅಂತ. ದೇವ್ರು ಅವ್ರನ್ನೇನೂ ಮಾಡ್ಲಿಲ್ಲ. ತೊಂಬತ್ತು ದಾಟಿ ಹೋದ್ರು. ಬಾ ಒಳಗೆ."

ಅಕ್ಕ ಒಳಗೆ ಬಂದಳು. ಆದರೆ ಅಡುಗೆಮನೆಯ ಬಾಗಿಲಲ್ಲಿ ಕೂತಳು, ಒಳಗೆ ಕಾಲಿಡಲಿಲ್ಲ. ಸುಮಿತ್ರಾ ಒತ್ತಾಯ ಮಾಡಲಿಲ್ಲ. ಹೀರೇಕಾಯಿ, ಈಳಿಗೆಮಣೆ ತಂದು ಬಾಗಿಲಿಗೇ ಇಟ್ಟಳು. ಅಕ್ಕ ಹೆಚ್ಚುತ್ತ ಕೂತಳು. ಮುಸ್ಸಂಜೆಗೆ ಸುಮಿತ್ರಾ ತುಳಸಿಗೆ ದೀಪ ಇಟ್ಟಾಗ, ಅಕ್ಕ ದೂರದಿಂದಲೇ ನಮ್ಮಮ್ಮ ಹೇಳಿಕೊಟ್ಟ ದೇವಿಯ ಹಾಡು ಹೇಳಿದಳು. ಅವಳ ಕಂಠ ಇನ್ನೂ ಚೆನ್ನಾಗಿದೆ. ದೇವಿಗೆ ಅಷ್ಟು ದೂರದಿಂದ ಕೇಳಿಸಿತೇ ಎಂದು ನನಗೆ ಸಂಶಯ ಬರಲಿಲ್ಲ.

ಹಾಡು ಮುಗಿದ ಮೇಲೆ ಅಕ್ಕ, ನಮ್ಮಿಬ್ಬರಲ್ಲಿ ಯಾರನ್ನೂ ನೋಡದೆ, ಮಾತಾಡಿದಳು. "ಮುಟ್ಟು ಅಂದ್ರೆ ನಂಗೆ ಗೊತ್ತದೆ. ಹದಿಮೂರು ವರ್ಷಕ್ಕೆ ಸುರು ಆದದ್ದು. ಮೂರು ದಿವ್ಸ ಕೂರೂದು, ನಾಲ್ಕನೇ ದಿವ್ಸ ಮಿಂದ್ರೆ ಮುಗೀತು. ಅದಕ್ಕೊಂದು ಮುಗಿಯೂದು ಅಂತ ಇರ್ತದೆ. ಇದು ಮುಟ್ಟಲ್ಲ ಅಂದ್ರೆ, ಎಷ್ಟ್ ದಿವ್ಸ ಕೂರೂದೇ ಇದಕ್ಕೆ? ಎಂತ ಮಿಂದ್ರೆ ಹೋತದೆ?"

ಅಕ್ಕನಿಗೆ ತಿಳಿಯಲಿಲ್ಲ, ರೂಢಿಗೆ ಕಟ್ಟುಬಿದ್ದಳು ಎಂದೆಲ್ಲ ನಾನು ಇಷ್ಟು ದಿನ ಎಣಿಸಿದ್ದೆ. ಅವಳಿಗೆ ತಿಳಿದಿತ್ತು. ಹೆದರಿದ್ದಳು. ಹೆದರಿಕೆಗೆ ಪರಿಚಯದ ಹೆಸರು ಇಟ್ಟುಕೊಂಡಿದ್ದಳು, ಅಷ್ಟೇ.

ಸುಮಿತ್ರಾ ಅವಳ ಪಕ್ಕದಲ್ಲಿ ನೆಲಕ್ಕೆ ಕೂತಳು. "ನಮ್ಗೆ ಊರು ಬಿಡ್ಬೇಕು ಅಂದಾಗ ನಾನು ಹಾಗೇ ಮಾಡಿದ್ದೆ ಹೊನ್ನಕ್ಕ. ನೋಟೀಸು ಬಂದಿದ್ದು ಗೊತ್ತಿತ್ತು, ಆದ್ರೂ ಹೊಸದಾಗಿ ಬಾಳೆ ನೆಟ್ಟೆ. ನೆಟ್ರೆ ಇರ್ತೇವೆ ಅಂತ. ಬಾಳೆ ನೆಡೂದೇ ಬಿಟ್ಟು ಸಾಮಾನು ಕಟ್ಟಿದ್ರೆ ನಮ್ಮ ದೊಡ್ಡ ಹಂಡೆ ಆದ್ರೂ ಉಳೀತಿತ್ತು." ಹೇಳುತ್ತ ಅವಳೇ ನಕ್ಕಳು. ಅಕ್ಕನೂ ನಕ್ಕಳು. "ಹಂಡೆ ಹೋಯ್ತನೇ?" ಎಂದು ಕೇಳಿದಳು. ಆ ಹಂಡೆಯ ಕತೆಯಲ್ಲೇ ಊಟದ ಹೊತ್ತಾಯಿತು. ಸುಮಿತ್ರಾ ತನ್ನ ಶೆಟ್ಲಿಯನ್ನು ಪಕ್ಕದ ಮನೆಗೆ ಕೊಟ್ಟು ನಮ್ಮ ಜೊತೆ ಹೀರೇಕಾಯಿ ಪಲ್ಯವನ್ನೇ ಉಂಡಳು.

ಬುಧವಾರ ಬೆಳಿಗ್ಗೆ ಬಿಸಿಲು ಚುರುಕಾಗುವ ಮೊದಲೇ ಆಸ್ಪತ್ರೆಯಲ್ಲಿದ್ದೆವು. ಸ್ಕ್ಯಾನಿಗೆ ಹೊಟ್ಟೆ ತುಂಬ ನೀರು ಕುಡಿಸಿ ಕೂರಿಸಿದರು. "ಇವರಿಗೆ ನಮ್ಮ ಬಾವಿ ಬೇಕಿತ್ತೇನೋ" ಎಂದು ಅಕ್ಕ ಗೊಣಗಿದಳು. ಅವಳು ಗೊಣಗಿದ್ದು ಕೇಳಿ ನನ್ನ ಜೀವ ಸಮಾಧಾನವಾಯಿತು. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿರುವುದು ಕಂಡಿತು. ಮುಟ್ಟು ನಿಂತವರಲ್ಲಿ ಅದು ತೆಳ್ಳಗಿರಬೇಕು ಎಂದರು ಡಾಕ್ಟರು. ಚೂರು ತೆಗೆಯಲು ಅಕ್ಕನನ್ನು ಒಳಗೆ ಕರೆದೊಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ತಾಯಿಯ ಹೆಸರು ಹೇಳುತ್ತಿದ್ದೆ. ಇದು ಕೊಡು, ಅದು ಕೊಡು ಎಂದು ಬೇಡಲಿಲ್ಲ. ನಿನ್ನೆ ನನ್ನ ಬಾಯಿ ತೆರೆಸಿದ್ದಕ್ಕೆ, ಇವತ್ತು ಇವಳನ್ನು ಇಲ್ಲಿವರೆಗೆ ತಂದದ್ದಕ್ಕೆ ನಮಸ್ಕಾರ ಎಂದೆ.

ಅಕ್ಕ ಗೋಡೆ ಹಿಡಿದು ಸಣ್ಣ ಹೆಜ್ಜೆಯಿಡುತ್ತ ಬಂದಳು. ಹಣೆ ಬೆವರಿತ್ತು. "ಹೇಗಾಯ್ತೇ?" ಎಂದರೆ, "ಹೆರಿಗೆಗಿಂತ ಸಸಾರ. ಮುಟ್ಟಿನ ಹೊಟ್ಟೆನೋವಿಗಿಂತ ಸ್ವಲ್ಪ ಜಾಸ್ತಿ. ಆ ನರ್ಸಿನ ಕೈ ಹಿಡ್ದು ಹಿಂಡಿಬಿಟ್ಟೆ, ಪಾಪ" ಎಂದಳು. ನರ್ಸ್ ಹಿಂದಿನಿಂದ ಕೈ ಕೊಡವುತ್ತ ಬಂದರು. "ನಿಮ್ಮಕ್ಕ ಎಮ್ಮೆ ಕರಿತಾರೆ ಅಂತ ಮೊದ್ಲೇ ಹೇಳೂದಲ್ವಾ?"

ಫಲಿತಾಂಶಕ್ಕೆ ಹತ್ತು ಹನ್ನೆರಡು ದಿನ ಬೇಕು, ಬಂದು ತೆಗೆದುಕೊಂಡು ಹೋಗಬೇಕು ಎಂದು ಡಾಕ್ಟರು ಹೇಳಿದರು. ಏನೇ ಬಂದರೂ ಗರ್ಭಕೋಶ ತೆಗೆಯಬೇಕಾಗಬಹುದು, ಮನೆಯವರಿಗೆ ಈಗಲೇ ಹೇಳಿಡಿ ಎಂದರು. ಅಕ್ಕ ತಲೆಯಾಡಿಸಿದಳು. ಅದು ಒಪ್ಪಿದ ತಲೆಯೋ, ದಾಕ್ಷಿಣ್ಯದ ತಲೆಯೋ ತಿಳಿಯಲಿಲ್ಲ.

ಓದುವವರ ಮನಸ್ಸು ಅಲ್ಲೇ ಸಿಕ್ಕಿಕೊಳ್ಳಬಾರದೆಂದು ಇಲ್ಲೇ ಹೇಳಿಬಿಡುತ್ತೇನೆ. ಫಲಿತಾಂಶ ಬಂದಾಗ ಅದು ಕ್ಯಾನ್ಸರ್ ಆಗಿರಲಿಲ್ಲ, ಕ್ಯಾನ್ಸರ್ ಆಗುವ ದಾರಿಯಲ್ಲಿತ್ತು. ಆಪರೇಶನ್ ಆಯಿತು. ಅಕ್ಕ ಈಗ ಮನೆಯೊಳಗೆ ಓಡಾಡುತ್ತಾಳೆ, ಎಲ್ಲರಿಗೂ ಕೆಲಸ ಹೇಳುತ್ತಾಳೆ. ಆದರೆ ಆ ಬುಧವಾರ ಮಧ್ಯಾಹ್ನ ನಮಗೆ ಇದೊಂದೂ ಗೊತ್ತಿರಲಿಲ್ಲ. ನನಗಿದ್ದ ಹೆದರಿಕೆ ಫಲಿತಾಂಶದ್ದೂ ಅಲ್ಲ. ಇವಳು ಮನೆಯಲ್ಲಿ ಹೇಳುತ್ತಾಳೆಯೇ, ಹತ್ತು ದಿನದ ಮೇಲೆ ತಿರುಗಿ ಬರುತ್ತಾಳೆಯೇ, ಇಲ್ಲ "ರಕ್ತ ಕಡಿಮೆ" ಎಂಬ ಮಾತಿನ ಹಿಂದೆ ಮತ್ತೆ ಹೋಗಿ ಕೂರುತ್ತಾಳೆಯೇ, ಅದರದ್ದು.

ಮರಳುವ ಬಸ್ಸು ತುಂಬಿತ್ತು. ಒಬ್ಬಳು ಕಾಲೇಜು ಹುಡುಗಿ ಎದ್ದು ಅಕ್ಕನಿಗೆ ಸೀಟು ಕೊಟ್ಟಳು. ದೇವರು ಅವಳಿಗೆ ಒಳ್ಳೆಯದು ಮಾಡಲಿ. ನಾನು ಪಕ್ಕದಲ್ಲಿ ಕಂಬ ಹಿಡಿದು ನಿಂತೆ. ಸಮುದ್ರ ಹಿಂದಾಯಿತು. ತೋಡೂರಿನ ಸ್ಟಾಪಿನಲ್ಲಿ ಅಕ್ಕ ಕುತ್ತಿಗೆ ಚಾಚಿ ಕಾಲನಿಯ ಕಡೆ ನೋಡಿದಳು. ಹಾರವಾಡ ದಾಟಿದ ಮೇಲೆ ಒಮ್ಮೆ ಕೇಳಿದಳು, "ಗಂಡಸ್ರಿಗೆ ಇದನ್ನ ಹೇಗೆ ಹೇಳೂದೇ?"

"ಬಾಯಿಂದ" ಎಂದೆ.

"ನಿಂಗೆ ಎಲ್ಲಾ ಸಸಾರ" ಎಂದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವಳು ಗಂಡನೆದುರು ಒಮ್ಮೆಯೂ ಎತ್ತಿದವಳಲ್ಲ. ಅವಳು ಹಿತ್ತಲಿಗೆ ಹೋಗಿ ಕೂತರೆ ಅವರು ಒಲೆ ಹಚ್ಚುತ್ತಿದ್ದರು. ಅಷ್ಟರಲ್ಲೇ ಇಬ್ಬರಿಗೂ ಅರ್ಥವಾಗುತ್ತಿತ್ತು. ನಾನು ಒತ್ತಿ ಹೇಳಲು ಹೋಗಲಿಲ್ಲ. ಅಕ್ಕನ ಪರವಾಗಿ ಒಮ್ಮೆ ಮಾತಾಡಿದ್ದಾಗಿತ್ತು. ಇದು ಅವಳ ಬಾಯಿಂದಲೇ ಬರಬೇಕಾದ ಮಾತು.

ಅಂಕೋಲೆಯಲ್ಲಿ ಇಳಿದಾಗ ನಿಲ್ದಾಣದಲ್ಲಿ ಶಾಲೆ ಬಿಟ್ಟ ಮಕ್ಕಳ ಗದ್ದಲ. ಭಾವ ಹೂವಿನವಳ ಬುಟ್ಟಿಯ ಪಕ್ಕದಲ್ಲಿ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಿಂದಿನ ಸೀಟಿಗೆ ಗೋಣಿ ಮಡಚಿ ಹಾಕಿದ್ದರು, ಅಕ್ಕನಿಗೆ ಮೆತ್ತಗಾಗಲೆಂದು. ನಮ್ಮನ್ನು ಕಂಡು ಕೈಯಿಂದ ಚೀಲ ತೆಗೆದುಕೊಂಡು ಹ್ಯಾಂಡಲಿಗೆ ಸಿಕ್ಕಿಸಿದರು.

"ಎಂತ ಹೇಳಿದ್ರು? ಮಾತ್ರೆ ಕೊಟ್ರಾ?"

ಅಕ್ಕ ಬೈಕಿನ ಹತ್ತಿರ ಹೋಗಿ ನಿಂತಳು. ಹತ್ತಲಿಲ್ಲ. ಸೀಟಿನ ಮೇಲೆ ಕೈಯಿಟ್ಟು, ಹೂವಿನವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಸಾವಕಾಶ ಹೊಡೀರಿ. ಗರ್ಭಕೋಶದಿಂದ ಚೂರು ತೆಗ್ದಾರೆ. ನಿಂತಿದ್ದು ಮತ್ತೆ ಬತ್ತಿತ್ತಲ್ಲ, ಅದು ಮುಟ್ಟಲ್ಲಂತೆ. ಕ್ಯಾನ್ಸರ್ ಹೌದೋ ಅಲ್ಲೋ ಅಂತ ನೋಡ್ತ್ರಂತೆ. ಹತ್ತು ದಿವ್ಸ ಬಿಟ್ಟು ಮತ್ತೆ ಹೋಗ್ಬೇಕು. ನೀವು ಬರ್ಬೇಕು."

ಹೂವಿನವಳ ಕೈ ನೂಲಿನ ಮೇಲೆ ನಿಂತಿತು. ಭಾವ ಕಿಕ್ಕರಿನ ಮೇಲಿಟ್ಟಿದ್ದ ಕಾಲನ್ನು ಕೆಳಗೆ ತೆಗೆದರು. ಬೈಕನ್ನು ಗೋಡೆಯ ಪಕ್ಕಕ್ಕೆ ತಳ್ಳಿ ಸ್ಟ್ಯಾಂಡ್ ಹಾಕಿ, ಹ್ಯಾಂಡಲಿನಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರು. ಗೋಣಿಯನ್ನೂ ತೆಗೆದುಕೊಂಡರು.

"ಆಟೋ ಮಾಡ್ವ" ಎಂದರು.

"ಬೈಕು?" ಎಂದಳು ಅಕ್ಕ.

"ಇರ್ಲಿ ಇಲ್ಲೇ. ಹೊಂಡ ರಸ್ತೆ. ನಿಂಗೆ ಕುಲುಕ್ತದೆ."

ಆಟೋದ ಸೀಟಿನ ಮೇಲೆ ಅವರೇ ಗೋಣಿ ಹಾಸಿದರು. ಅಕ್ಕ ಒಂದು ಕೈ ಅವರ ಭುಜದ ಮೇಲಿಟ್ಟು ಒಳಗೆ ಹತ್ತಿದಳು. ಪೇಟೆಯ ನಡುವೆ ಅವಳು ಗಂಡನ ಮೈ ಮುಟ್ಟಿದ್ದನ್ನು ನಾನು ಹಿಂದೆಂದೂ ನೋಡಿದವಳಲ್ಲ. ನನ್ನ ಟೆಂಪೋದವನು ಬಾಳೆಗುಳಿ, ಬಾಳೆಗುಳಿ ಎಂದು ಕೂಗುತ್ತಿದ್ದ. ಹತ್ತುವ ಮೊದಲು ತಿರುಗಿ ನೋಡಿದೆ. ಆಟೋ ಬೊಬ್ರುವಾಡದ ಕಡೆ ತಿರುಗುತ್ತಿತ್ತು, ಮಕ್ಕಳ ಸೈಕಲ್ಲುಗಳು ಅದನ್ನು ಹಿಂದಿಕ್ಕಿ ಹೋಗುತ್ತಿದ್ದವು. ಅಷ್ಟು ಸಾವಕಾಶವಾಗಿ ಹೋಗುತ್ತಿತ್ತು.